ಮಾರ್ತಾಳ ಪಕ್ಕದ ಜಾಗ

ಹಿರಿಯೂರು ಬಸ್‌ಸ್ಟ್ಯಾಂಡು

ನನ್ನನ್ನು ಕಳಿಸಿಕೊಡಲು ಹೊಳಲ್ಕೆರೆಯಿಂದ ಯಾರೂ ಬಂದಿರಲಿಲ್ಲ. ಬೇಡವೆಂದು ನಾನೇ ಹೇಳಿದ್ದೆ. ರುದ್ರಕ್ಕನನ್ನು ಕಳಿಸಿಕೊಡಲು ಮಾತ್ರ ಹಿರಿಯೂರಿನ ಅರ್ಧ ಊರೇ ಬಸ್‌ಸ್ಟ್ಯಾಂಡಿನಲ್ಲಿ ನೆರೆದಿತ್ತು. ಕೊರಳಲ್ಲಿ ಹೂವಿನ ಹಾರ, ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ, ಕಾಲ ಬಳಿ ರಾಗಿ ಹಿಟ್ಟಿನ ಚೀಲ. ಅವರು ನನ್ನ ಟ್ರಂಕನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಲೇ ರತ್ನಾ, ಇಷ್ಟೇಯಾ ನಿನ್ ಸಾಮಾನು? ದೇಶ ಬಿಟ್ಟು ಹೊಂಟೀಯೋ, ಹೊಸದುರ್ಗದಿಂದ ಹೊಳಲ್ಕೆರೆಗೆ ಹೊಂಟೀಯೋ?"

"ಸಾಕು ರುದ್ರಕ್ಕ."

"ಸಾಕಂತೆ! ನೋಡ್ತಿರು, ನಾಕು ದಿನ ಆಗ್ಲಿ, ನನ್ ಹಿಟ್ಟು ಕೇಳ್ಕಂಡು ಬರ್ತೀಯ."

ರುದ್ರಕ್ಕ ಹಿರಿಯೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರು. ಆಗಸ್ಟ್ ಹದಿನೈದಕ್ಕೆ ಹುಡುಗಿಯರಿಗೆ ಕೋಲಾಟ ಕಲಿಸುವವರೂ ಅವರೇ. ನನ್ನ ತಾಯಿಗಿಂತ ಸ್ವಲ್ಪ ಚಿಕ್ಕವರು, ನನ್ನ ತಾಯಿಗಿಂತ ಬಹಳ ಜೋರು. ನಾನು ಹೊಸದುರ್ಗದಲ್ಲಿ ಗಣಿತದ ಅಧ್ಯಾಪಕಿ. ಅಧ್ಯಾಪಕರ ವಿನಿಮಯದ ಯೋಜನೆಯೊಂದರಲ್ಲಿ ನಮ್ಮಿಬ್ಬರನ್ನೂ ಜಾವಾ ದ್ವೀಪದ ಒಂದು ಹೈಸ್ಕೂಲಿಗೆ ಕಳಿಸುತ್ತಿದ್ದರು. ಅಲ್ಲಿ ಮಕ್ಕಳಿಗೆ ಪಾಠದ ಜೊತೆಗೆ ಸಂಗೀತ, ನೃತ್ಯ, ತೊಗಲುಗೊಂಬೆಯಾಟ ಕಲಿಸುತ್ತಾರೆ. ನಮ್ಮ ಜಿಲ್ಲೆಯಲ್ಲೂ ಅಂಥದೊಂದು ಶಾಲೆ ತೆರೆಯಬೇಕೆಂಬ ಮಾತು ಆಗ ಚಿತ್ರದುರ್ಗದಲ್ಲಿ ನಡೆದಿತ್ತು. ಹೊರಡುವ ಮುನ್ನ ಅಲ್ಲಿನ ಕಚೇರಿಗೆ ಹೋದಾಗ ಹಿರಿಯ ಅಧಿಕಾರಿಯೊಬ್ಬರು ಒಂದೇ ಮಾತು ಹೇಳಿದರು.

"ಚೆನ್ನಾಗಿ ಕಲಿಯೋರನ್ನ ನೋಡಾಕೆ ಅಷ್ಟು ದೂರ ಹೋಗಾದು ಬ್ಯಾಡಮ್ಮ. ಕೈ ಹತ್ತದೆ ಒದ್ದಾಡೋ ಹುಡುಗ್ರನ್ನ ಅವ್ರು ಏನ್ ಮಾಡ್ತಾರೆ, ಅದನ್ನ ನೋಡ್ಕಂಡು ಬರ್ರಿ."

ಇದು ನನಗೆ ಹಿಡಿಸಿತು. ಏನು ನೋಡಬೇಕೆಂದು ಗೊತ್ತಿದ್ದರೆ ಪ್ರಯಾಣ ಅರ್ಧ ಮುಗಿದಂತೆ.

ಜಕಾರ್ತ

ಹಡಗಿನ ವಿಚಾರ ಬರೆಯುವುದಿಲ್ಲ. ಅಲ್ಲಿ ನಾನು ಕಂಡದ್ದು ಸಮುದ್ರಕ್ಕಿಂತ ಹೆಚ್ಚಾಗಿ ಒಂದು ಬಕೆಟ್ಟನ್ನು.

ಜಕಾರ್ತದಲ್ಲಿ ಸುಂಕದ ಅಧಿಕಾರಿ ರುದ್ರಕ್ಕನ ಚೀಲ ಬಿಚ್ಚಿಸಿದ. ರಾಗಿ ಹಿಟ್ಟಿಗೆ ಬೆರಳಿಟ್ಟು ಮೂಸಿ, ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ನಾನು ಇಂಗ್ಲಿಷಿನಲ್ಲಿ ವಿವರಿಸಲು ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ರುದ್ರಕ್ಕ ಒಂದು ಚಿಟಿಕೆ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡರು.

"ನೋಡಪ್ಪ, ತಿನ್ನಾದು. ಮಣ್ಣಲ್ಲ, ಮದ್ದಲ್ಲ. ತಗಾ, ನೀನೂ ನೋಡು."

ಆತ ನಿಜವಾಗಿಯೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಒಣ ಹಿಟ್ಟು ಗಂಟಲಿಗೆ ಅಡರಿ ಕೆಮ್ಮಿದ. ಕಣ್ಣಲ್ಲಿ ನೀರು ತುಂಬಿಕೊಂಡೇ ನಗುತ್ತ ಚೀಲ ಕಟ್ಟಿಕೊಟ್ಟ. ನನ್ನ ಪಾಸ್‌ಪೋರ್ಟು ನೋಡಿದವನು ಮಾತ್ರ ಏನೂ ಕೇಳಲಿಲ್ಲ. "ರತ್ನ" ಎಂದು ಓದಿ, ತನ್ನ ಅಕ್ಕನ ಹೆಸರೂ ಅದೇ ಎಂದ. ಹಡಗು ಹತ್ತುವಾಗ ಮದರಾಸಿನಲ್ಲಿ ನನ್ನ ಹೆಸರನ್ನು ಎರಡು ಸಲ ತಪ್ಪು ಬರೆದಿದ್ದರು.

ಬು ಸ್ರಿ ಅವರ ಮನೆ

ಜಕಾರ್ತದಿಂದ ಶಾಲೆಯಿದ್ದ ಊರಿಗೆ ರೈಲು. ಊರು ನಮ್ಮ ಚಿತ್ರದುರ್ಗಕ್ಕಿಂತ ದೊಡ್ಡದು, ಗದ್ದಲ ಕಡಿಮೆ. ಅಲ್ಲಿ ನಾವು ಇಳಿದುಕೊಂಡದ್ದು ಬು ಸ್ರಿ ಎಂಬ ಅಧ್ಯಾಪಕಿಯ ಮನೆಯಲ್ಲಿ. ಸ್ರಿ ಅವರ ಹೆಸರು. ಬು ಎಂದರೆ ಅಮ್ಮ. ಅಧ್ಯಾಪಕಿಯರನ್ನೆಲ್ಲ ಅಲ್ಲಿ ಹಾಗೆಯೇ ಕರೆಯುತ್ತಾರೆ, ಮೇಷ್ಟ್ರುಗಳನ್ನು ಪಾಕ್, ಅಂದರೆ ಅಪ್ಪ ಎನ್ನುತ್ತಾರೆ. ಬು ಸ್ರಿ ಇಂಗ್ಲಿಷ್ ಬಲ್ಲವರು. ನನ್ನ ಇಂಗ್ಲಿಷಿಗಿಂತ ಅವರದು ಮೆತ್ತಗೆ.

ಜಾವಾದವರಿಗೆ ಬೆರಳು ಮಾಡಿ ತೋರಿಸುವುದು ಒರಟುತನ. ಹೆಬ್ಬೆರಳಿನಿಂದ ತೋರಿಸಬೇಕು. ನಮ್ಮ ಕಡೆ ಹೆಬ್ಬೆರಳು ಅಲ್ಲಾಡಿಸಿದರೆ ಏನೂ ಸಿಗುವುದಿಲ್ಲ ಹೋಗು ಎಂದರ್ಥ. ಬು ಸ್ರಿ ಹೆಬ್ಬೆರಳಿನಿಂದ ಊಟದ ಮೇಜು ತೋರಿಸಿದ ಮೊದಲ ದಿನ ರುದ್ರಕ್ಕ ನನ್ನ ಕಿವಿಯಲ್ಲಿ, "ಊಟ ಇಲ್ಲ ಅಂತಾಳೇನೇ ಈಯಮ್ಮ?" ಎಂದರು.

ಊಟವಿತ್ತು, ಬೇಕಾದಷ್ಟಿತ್ತು. ಆದರೂ ಮೂರನೆಯ ದಿನ ನಾನೇ ಬಾಯಿಬಿಟ್ಟು ಮುದ್ದೆ ಕೇಳಿದೆ. ರುದ್ರಕ್ಕ ಗೆದ್ದವರಂತೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತರು. ಮನೆಯವರೆಲ್ಲ ಒಂದೊಂದು ತುಂಡು ಬಾಯಿಗಿಟ್ಟುಕೊಂಡು ಗಂಭೀರವಾಗಿ ಅಗಿಯತೊಡಗಿದರು.

"ಅಗೀಬ್ಯಾಡ್ರಿ, ನುಂಗ್ರಿ! ಹಂಗೇ ನುಂಗ್ರಿ!" ರುದ್ರಕ್ಕ ಕನ್ನಡದಲ್ಲೇ ಕೂಗಿದರು. ಬು ಸ್ರಿ ಅವರ ವಯಸ್ಸಾದ ತಾಯಿ ನಗುತ್ತ ತಲೆಯಾಡಿಸಿ, ಇನ್ನೂ ಬಹಳ ಹೊತ್ತು ಅಗಿದರು.

ಆ ಅಜ್ಜಿಯೇ ನನಗೆ ಮದುವೆಯಾಗಿದೆಯೇ ಎಂದು ಕೇಳಿಸಿದ್ದು. ಇಲ್ಲ ಎಂದೆ. ಬು ಸ್ರಿ ತಿದ್ದಿದರು: ಹಾಗೆ ಇಲ್ಲ ಎನ್ನಬಾರದು, 'ಬೆಲುಮ್' ಎನ್ನಬೇಕು. ಇನ್ನೂ ಆಗಿಲ್ಲ ಎಂದರ್ಥ. ನಾನು ಬೆಲುಮ್ ಎಂದೆ. ಅಜ್ಜಿ ತೃಪ್ತರಾಗಿ ಎಲೆಯಡಿಕೆಗೆ ಕೈಹಾಕಿದರು. ಮಾತು ಅಲ್ಲಿಗೇ ಮುಗಿಯಿತು. ಹೊಳಲ್ಕೆರೆಯಲ್ಲಿ ಈ ಪ್ರಶ್ನೆಯನ್ನು ಮುಗಿಸುವ ಉತ್ತರ ನನಗೆ ಇದುವರೆಗೆ ಸಿಕ್ಕಿರಲಿಲ್ಲ.

"ಒಳ್ಳೇ ಮಾತು ಕಲ್ತೆ ಬಿಡು," ಎಂದರು ರುದ್ರಕ್ಕ. "ನಿಮ್ಮವ್ವನ ಮುಂದೆ ಹೇಳು ಬೆಲುಮ್ ಅಂತ. ಸೌಟು ತಗಾತಾಳೆ."

ಕಂಬಗಳ ಮಂಟಪ

ಶಾಲೆಯ ನಡುವೆ ಗೋಡೆಗಳಿಲ್ಲದ ದೊಡ್ಡ ಮಂಟಪ. ಅಲ್ಲಿ ಕಂಚಿನ ವಾದ್ಯಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಿದ್ದರು. ತೊಟ್ಟಿಲಿನಂಥ ಮರದ ಪೆಟ್ಟಿಗೆಗಳ ಮೇಲೆ ಕಂಚಿನ ಪಟ್ಟಿಗಳು, ಅವನ್ನು ಬಾರಿಸಲು ಮರದ ಸುತ್ತಿಗೆ. ಕೊನೆಯಲ್ಲಿ, ಚೌಕಟ್ಟಿಗೆ ತೂಗುಹಾಕಿದ ದೊಡ್ಡ ಜಾಗಟೆ. ನಮ್ಮ ಗುಡಿಗಳ ಜಾಗಟೆಗೆ ಮುತ್ತಜ್ಜ ಎನ್ನಬಹುದು. ಅದರ ದನಿ ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ.

ರುದ್ರಕ್ಕ ಅದನ್ನು ಹತ್ತಿರದಿಂದ ನೋಡುವ ಅವಸರದಲ್ಲಿ ಸೀರೆ ಎತ್ತಿಕೊಂಡು ಒಂದು ವಾದ್ಯವನ್ನು ದಾಟಿಬಿಟ್ಟರು. ಮಂಟಪದಲ್ಲಿ ಸದ್ದಡಗಿತು. ಯಾರ ಮುಖದ ಮೇಲಿನ ನಗೆಯೂ ಮಾಸಲಿಲ್ಲ. ಆದರೆ ಎಲ್ಲರೂ ನೆಲ ನೋಡಿದರು. ರುದ್ರಕ್ಕನಿಗೆ ಅಷ್ಟೇ ಸಾಕಾಯಿತು. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಮಾಡುವಂತೆ ಬಗ್ಗಿ ವಾದ್ಯವನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಸಂಗೀತದ ಹಿರಿಯ ಮೇಷ್ಟ್ರು ಪಾಕ್ ಹರ್ಜೊ ತಲೆಬಾಗಿಸಿ ನಮಗೆ ಚಹ ತರಿಸಿದರು. ಆ ದಿನದಿಂದ ರುದ್ರಕ್ಕ ಅವರಿಗೆ ಬೇಕಾದವರಾದರು.

ಅಂದೇ ಮಾರ್ತಾಳನ್ನು ನೋಡಿದೆ.

ಎಲ್ಲರೂ ಒಂದೊಂದು ವಾದ್ಯಕ್ಕೆ ಒಬ್ಬರಂತೆ ಕೂತಿದ್ದರು. ಮಾರ್ತಾ ಎಂಬ ಆ ಎತ್ತರದ ಹುಡುಗಿಯ ಪಕ್ಕದಲ್ಲಿ ಮಾತ್ರ ಪಾಕ್ ಹರ್ಜೊ ಅದೇ ಬಗೆಯ ಇನ್ನೊಂದು ವಾದ್ಯ ಇಟ್ಟುಕೊಂಡು ಕೂತಿದ್ದರು. ಅವಳು ಬಾರಿಸಬೇಕಾದ ಸ್ವರಗಳನ್ನೇ ಅವರು ಜೋರಾಗಿ ಬಾರಿಸುತ್ತಿದ್ದರು. ಅವಳು ತಪ್ಪಿದಾಗ ನಿಲ್ಲಿಸಲಿಲ್ಲ, ಗದರಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಇನ್ನಷ್ಟು ಜೋರಾಗಿ ಬಾರಿಸಿದರು.

ಒದ್ದಾಡುವ ಮಕ್ಕಳಿಗೆ ಇವರು ಮಾಡುವುದು ಇಷ್ಟೇ ಎಂದು ಬು ಸ್ರಿ ವಿವರಿಸಿದರು. ತಪ್ಪನ್ನು ಎತ್ತಿ ಆಡುವುದಿಲ್ಲ. ಬಲ್ಲವರು ಪಕ್ಕದಲ್ಲಿ ಕೂತು ಬಾರಿಸುತ್ತಾರೆ. ಮಗು ಕೇಳಿಸಿಕೊಂಡು ಕೇಳಿಸಿಕೊಂಡು ದಾರಿಗೆ ಬರುತ್ತದೆ. ಬಂದಮೇಲೆ ಮೇಷ್ಟ್ರು ಎದ್ದು ಹೋಗುತ್ತಾರೆ. ಅದೇ ಪಾಸು. ಅವಧಿಯ ಕೊನೆಯ ಶನಿವಾರ ಎಲ್ಲರೂ ಸೇರಿ ನುಡಿಸುವಾಗಲೂ ಪಕ್ಕದಲ್ಲಿ ಮೇಷ್ಟ್ರು ಕೂತೇ ಇದ್ದರೆ, ಆ ಮಗು ಶಾಲೆ ಬಿಡಬೇಕು.

"ಮಾರ್ತಾಗೆ ಬಂದಿದೆಯೇ?" ಎಂದು ಕೇಳಿದೆ.

"ಬೆಲುಮ್," ಎಂದರು ಬು ಸ್ರಿ. ಈ ಸಲ ಆ ಪದ ನನಗೆ ಅಷ್ಟು ಹಿತವೆನಿಸಲಿಲ್ಲ.

ಮಾರ್ತಾ ಜಾವಾದವಳಲ್ಲ. ಪೂರ್ವದ ಅಂಬೋನ್ ಎಂಬ ದ್ವೀಪದವಳು. ತಂದೆ ಅಂಚೆ ಕಚೇರಿಯ ಗುಮಾಸ್ತ, ವರ್ಗವಾಗಿ ಇಲ್ಲಿಗೆ ಬಂದವರು. ಅವಳಿಗೆ ಬೇಕಾದದ್ದು ನೃತ್ಯ. ಆದರೆ ವಾದ್ಯದಲ್ಲಿ ಗೆಲ್ಲದೆ ನೃತ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಈ ಸಲ ಆಗದಿದ್ದರೆ ಟೈಪಿಂಗಿಗೆ ಸೇರಿಸುವುದಾಗಿ ತಂದೆ ಹೇಳಿಬಿಟ್ಟಿದ್ದರು. ಬಿಡುವಿನಲ್ಲಿ ಅವಳು ಬಾವಿಯ ಹಿಂದೆ ಒಬ್ಬಳೇ ನಿಂತು ತೋಳು ಚಾಚಿ ಹೆಜ್ಜೆ ಹಾಕುವುದನ್ನು ನಾನು ನೋಡಿದೆ. ಆ ತೋಳುಗಳನ್ನು ಟೈಪ್‌ರೈಟರಿನ ಮುಂದೆ ಕೂರಿಸುವುದು ತಪ್ಪು. ಈ ಬಗ್ಗೆ ನನಗೆ ಸಂಶಯವೇ ಇರಲಿಲ್ಲ.

ನಮ್ಮ ತಪ್ಪು

ಒಂದು ವಾರ ಕಳೆದ ಮೇಲೆ ಪಾಕ್ ಹರ್ಜೊ ಹೆಬ್ಬೆರಳಿನಿಂದ ಎರಡು ವಾದ್ಯ ತೋರಿಸಿ ನಮ್ಮನ್ನೂ ಕೂರಿಸಿದರು. ಸ್ವರಗಳನ್ನು ಹಲಗೆಯ ಮೇಲೆ ಅಂಕಿಗಳಲ್ಲಿ, ನಾಲ್ಕು ನಾಲ್ಕರ ಗುಂಪು ಮಾಡಿ ಬರೆದಿರುತ್ತಾರೆ. ಆ ವಾದ್ಯದ ಪಟ್ಟಿಗಳಿಗೆ ಒಂದು, ಎರಡು, ಮೂರು, ಐದು, ಆರು ಎಂದು ಹೆಸರು. ನಾಲ್ಕು ಇಲ್ಲ. ಗಣಿತದವಳಾದ ನಾನು ಅದನ್ನು ಹುಡುಕಿದೆ. ನಾಲ್ಕು ಬೇರೆ ಜೋಡಿ ವಾದ್ಯಗಳಲ್ಲಿದೆಯೆಂದು ಬು ಸ್ರಿ ಹೇಳಿದರು, ಅದು ತುಸು ಹೊತ್ತು ಪಕ್ಕದ ಮನೆಗೆ ಹೋಗಿದೆ ಎನ್ನುವ ಹಾಗೆ.

ಮೊದಲು ಒಬ್ಬರೇ ಒಂದು ಸಣ್ಣ ಪೀಠಿಕೆ ನುಡಿಸುತ್ತಾರೆ. ಅದು ಮುಗಿಯುವಾಗ ದೊಡ್ಡ ಜಾಗಟೆ ಬೀಳುತ್ತದೆ. ಜಾಗಟೆ ಬಿದ್ದ ಕೂಡಲೆ ನಾನು ಮೊದಲನೆಯ ಸ್ವರ ಬಾರಿಸಿದೆ. ರುದ್ರಕ್ಕ ಕೋಲಾಟದ ಧೈರ್ಯದಿಂದ ನನಗಿಂತ ಜೋರಾಗಿ ಬಾರಿಸಿದರು. ಮಾರ್ತಾಳೂ ಬಾರಿಸಿದಳು. ಬೇರೆ ಯಾರೂ ಬಾರಿಸಲಿಲ್ಲ. ಅವರೆಲ್ಲ ಒಂದು ಉಸಿರಿನಷ್ಟು ತಡೆದು, ಆಮೇಲೆ ಶುರುಮಾಡಿದರು. ನಾವು ಮೂವರೂ ಕೊನೆಯವರೆಗೆ ಒಂದು ಹೆಜ್ಜೆ ಮುಂದೆಯೇ ಇದ್ದೆವು. ಮೇಷ್ಟ್ರು ನಸುನಗುತ್ತ ಇನ್ನಷ್ಟು ಜೋರಾಗಿ ಬಾರಿಸಿದರು.

"ಇವ್ರೆಲ್ಲ ಯಾಕೆ ತಡ ಮಾಡ್ತಾರೆ?" ಎಂದರು ರುದ್ರಕ್ಕ, ಹೊರಗೆ ಬಂದು. "ಅಷ್ಟು ದೊಡ್ಡ ಜಾಗಟೆ ಬಿದ್ದೈತೆ, ಕಿವಿ ಕೇಳಾಕಿಲ್ವಾ?"

ನನಗೆ ನಿಧಾನವಾಗಿ ಅರ್ಥವಾಯಿತು. ನಮ್ಮ ಭಜನೆಯಲ್ಲಿ ತಾಳದ ಮೊದಲ ಪೆಟ್ಟೇ ಗಟ್ಟಿ. ಎಲ್ಲರ ಕೈ ಅಲ್ಲಿ ಕೂಡಬೇಕು, ಅಲ್ಲಿಂದ ಹೊರಡಬೇಕು. ಇವರಲ್ಲಿ ಭಾರವೆಲ್ಲ ಕೊನೆಯ ಪೆಟ್ಟಿಗೆ. ಜಾಗಟೆ ಎಂದರೆ ಮುಗಿಯಿತು ಎಂದು. ಅದಾದ ಮೇಲೆ ಹೊಸದು. ನಾವು ಮುಗಿದದ್ದನ್ನು ಶುರು ಎಂದುಕೊಂಡಿದ್ದೆವು. ಮಾರ್ತಾಳ ಊರಿನಲ್ಲಿ ಇಗರ್ಜಿಯ ಹಾಡುಗಳಿಗೂ ಮೊದಲ ಪೆಟ್ಟೇ ಗಟ್ಟಿಯೆಂದು ಕೇಳಿ ತಿಳಿದುಕೊಂಡೆ. ಅವಳ ಕೈಯಲ್ಲಿ ದೋಷವಿರಲಿಲ್ಲ. ಅವಳು ನಮ್ಮ ಹಾಗೆ ಕೇಳಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಎಷ್ಟು ಜೋರಾಗಿ ಬಾರಿಸಿದರೂ ಅದು ಸರಿಹೋಗುವಂಥದ್ದಲ್ಲ.

ಬು ಸ್ರಿ ಅವರಿಗೆ ಹೇಳಿದೆ. ಅವರಿಗೆ ಅಚ್ಚರಿಯಾಯಿತು. "ಜಾಗಟೆ ಬಿದ್ದರೆ ಮುಗಿಯಿತು ಎಂದು ಹೇಳಿಕೊಡಬೇಕೆ? ನಮಗೆ ಯಾರೂ ಹೇಳಿಕೊಟ್ಟಿಲ್ಲ."

"ಪಾಕ್ ಹರ್ಜೊ ಅವರಿಗೆ ತಿಳಿಸೋಣವೇ?"

ಅವರು ಗಾಬರಿಯಾದರು. ಅತಿಥಿಯೊಬ್ಬಳ ಬಾಯಿಂದ, ಅದೂ ಚಿಕ್ಕ ವಯಸ್ಸಿನವಳಿಂದ, ಹಿರಿಯ ಮೇಷ್ಟ್ರಿಗೆ ಪಾಠವೇ? ಅದು ಸಾಧ್ಯವಿಲ್ಲ. ಮಾರ್ತಾಳಿಗೆ ನಾನೇ ಹೇಳಿಕೊಡುವುದಾದರೆ ಅವರ ಅಡ್ಡಿಯಿಲ್ಲ. ನಾನೂ ಕಲಿಯುವವಳು, ಅವಳೂ ಕಲಿಯುವವಳು. ನಾನು ಒಪ್ಪಿದೆ. ಅಧಿಕಾರಕ್ಕಿಂತ ಇದು ಅನುಕೂಲ.

ಆದರೆ ಹೇಳಿದರೆ ಬಂದುಬಿಡುವುದಿಲ್ಲ. ಬು ಸ್ರಿ ಅನುವಾದಿಸಿದರು, ಮಾರ್ತಾ ಹೌದು ಹೌದು ಎಂದಳು. ಜಾಗಟೆ ಬಿದ್ದೊಡನೆ ಅವಳ ಕೈಯೂ ಬಿದ್ದೇ ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ನನ್ನದೂ ಬೀಳುತ್ತಿತ್ತು.

ಕೆಸರಿನಲ್ಲಿ ಪೆಟ್ಟಿಗೆ

ಕೊನೆಯ ವಾರ ಜೋರು ಮಳೆ. ತೊಗಲುಗೊಂಬೆಗಳ ದೊಡ್ಡ ಮರದ ಪೆಟ್ಟಿಗೆಯನ್ನು ಮಂಟಪಕ್ಕೆ ಸಾಗಿಸುವಾಗ ಅದರ ಗಾಲಿ ಅಂಗಳದ ಕೆಸರಿನಲ್ಲಿ ಹೂತುಹೋಯಿತು. ಹುಡುಗರು, ಹುಡುಗಿಯರು ಹಗ್ಗ ಕಟ್ಟಿ ಎಳೆದರು. ಒಬ್ಬರಿಗೊಬ್ಬರು ಒತ್ತಾಯ ಮಾಡದೆ, ತಮಗೆ ತೋಚಿದಾಗ ತಮಗೆ ತೋಚಿದಷ್ಟು. ಪೆಟ್ಟಿಗೆ ಅಲ್ಲಾಡಲಿಲ್ಲ. ರುದ್ರಕ್ಕನಿಗೆ ಇದನ್ನು ನೋಡುತ್ತ ನಿಲ್ಲಲಾಗಲಿಲ್ಲ.

"ಏನ್ ಎಳಿಯಾದು ಇದು, ಸೀರೆ ಒಣಗ್ಹಾಕ್ದಂಗೆ! ಬಿಡ್ರಿ ಅತ್ಲಾಗೆ. ನಾ ಹೇಳ್ತೀನಿ, ನೀವು ಐಸಾ ಅನ್ರಿ."

ಚಪ್ಪಲಿ ಬಿಟ್ಟು ಕೆಸರಿಗಿಳಿದರು. ಅಲ್ಲಿಯೇ ಪದ ಕಟ್ಟಿಕೊಂಡು ಕೂಗಿದರು.

"ಹೊಳಲ್ಕೆರೆ ಹುಡುಗಿ!"

"ಐಸಾ!" ಎಂದೆ ನಾನು ಒಬ್ಬಳೇ, ನನ್ನ ದನಿಗೆ ನಾನೇ ಬೆಚ್ಚಿ.

"ಹಗ್ಗ ಹಿಡಿಯೇ!"

"ಐಸಾ!" ಈ ಸಲ ಎಲ್ಲರೂ.

"ದುರ್ಗದ ಪೆಟ್ಟಿಗೆ!"

"ಐಸಾ!"

ಹಗ್ಗದ ತುದಿಯಲ್ಲಿದ್ದ ಮಾರ್ತಾಳನ್ನು ನೋಡಿದೆ. ಮಾತು ನಡೆಯುವಾಗ ಅವಳು ಕಾಯುತ್ತಿದ್ದಳು, ಐಸಾಕ್ಕೆ ಮೈಯ ಭಾರವನ್ನೆಲ್ಲ ಬಿಡುತ್ತಿದ್ದಳು. ಭಾರ ಕೊನೆಯಲ್ಲಿ! ನನಗೂ ಅವಳಿಗೂ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಅದನ್ನು ನಾವು ಸಂಗೀತದಲ್ಲಿ ಹುಡುಕಿದೆವು, ಅದು ಹಗ್ಗದಲ್ಲಿತ್ತು.

ಪೆಟ್ಟಿಗೆ ಮಂಟಪ ಸೇರಿದ ಮೇಲೆ, ಕೆಸರು ಕೈಯಲ್ಲೇ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಬೆರಳಿನಿಂದ ಕಲ್ಲಿನ ಮೇಲೆ ತಟ್ಟಿ ಹಲಗೆಯ ಅಂಕಿಗಳನ್ನು ಹೇಳಿದೆ. ಎರಡು, ಮೂರು, ಐದು, ಐಸಾ. ಮೂರು, ಐದು, ಆರು, ಐಸಾ. ಮಾರ್ತಾ ನನ್ನ ಬೆರಳನ್ನೂ, ಜಾಗಟೆಯನ್ನೂ, ಪೆಟ್ಟಿಗೆಯನ್ನೂ ನೋಡಿದಳು. ಆಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕು ಏನೋ ಹೇಳಿದಳು. ಬು ಸ್ರಿ ತಿಳಿಸಿದರು: "ಜಾಗಟೆ ಅಂದರೆ ಮನೆಯಿಂದ ಹೊರಡುವುದಲ್ಲ, ಮನೆ ಸೇರುವುದು ಎನ್ನುತ್ತಾಳೆ."

ಕೊನೆಯ ಶನಿವಾರ

ಬೆಳಿಗ್ಗೆ ಮಂಟಪದ ತುಂಬ ಹಿರಿಯರು ಚಾಪೆಯ ಮೇಲೆ ಕೂತಿದ್ದರು. ಅಂಚೆ ಗುಮಾಸ್ತರೂ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಪಾಕ್ ಹರ್ಜೊ ಎಂದಿನಂತೆ ಮಾರ್ತಾಳ ಪಕ್ಕದಲ್ಲಿ ಕೂತರು.

ಮೊದಲ ಹಾಡಿಗೆ ಜಾಗಟೆ ಬಿತ್ತು. ಮಾರ್ತಾಳ ಸುತ್ತಿಗೆ ಮೇಲೆ ಎದ್ದದ್ದು ಅಲ್ಲೇ ನಿಂತಿತು. ಒಂದು ಉಸಿರು. ಆಮೇಲೆ ಎಲ್ಲರ ಜೊತೆಗೆ ಇಳಿಯಿತು. ಮೇಷ್ಟ್ರು ಅಭ್ಯಾಸದಂತೆ ಜೋರಾಗಿಯೇ ಬಾರಿಸಿದರು, ಹಾಡು ಮುಗಿಯುವವರೆಗೂ. ಎರಡನೆಯ ಹಾಡಿನಲ್ಲಿ ಅವರ ಪೆಟ್ಟು ಸ್ವಲ್ಪ ಮೆತ್ತಗಾದಂತೆ ನನಗೆ ಅನ್ನಿಸಿತು. ಅನ್ನಿಸಿದ್ದನ್ನು ನಂಬುವುದು ನನ್ನ ಸ್ವಭಾವವಲ್ಲ. ಹಾಗಾಗಿ ಅವರ ಸುತ್ತಿಗೆಯನ್ನೇ ನೋಡುತ್ತ ಕೂತೆ. ಮೂರನೆಯದು ಕೊನೆಯ ಹಾಡು. ಅದರ ನಡುವೆ ಸುತ್ತಿಗೆ ಅವರ ತೊಡೆಯ ಮೇಲೆ ಬಂದು ಸುಮ್ಮನಾಯಿತು. ಮಾರ್ತಾಳದು ನಡೆದೇ ಇತ್ತು. ಮುದುಕರು ಸೊಂಟ ಬಗ್ಗಿಸಿ ಎದ್ದು, ಬಗ್ಗಿಕೊಂಡೇ ಎಲ್ಲರ ನಡುವೆ ಸಾಗಿ, ಜಗಲಿಗೆ ಹೋಗಿ ಲವಂಗ ಬೆರೆಸಿದ ಸಿಗರೇಟು ಹಚ್ಚಿದರು. ಅದರ ವಾಸನೆ ಒಳಗೆ ಬಂತು.

"ಲೇ, ಮುದುಕಪ್ಪ ಎದ್ದೋದ್ನಲ್ಲೇ! ಸಿಟ್ಟು ಬಂತೇನೋ?"

"ಸುಮ್ಕಿರ್ರಿ ರುದ್ರಕ್ಕ. ಆ ಹುಡುಗಿ ಪಾಸಾದ್ಲು."

"ಎದ್ದೋದ್ರೆ ಪಾಸಾ?"

"ಎದ್ದು ಹೋಗಾದೇ ಪಾಸು ಇಲ್ಲಿ."

ಕಂಬದ ಬಳಿ ಗುಮಾಸ್ತರು ಕನ್ನಡಕ ತೆಗೆದು ಒರೆಸುತ್ತಿದ್ದರು. ಮಾರ್ತಾ ಖಾಲಿಯಾದ ಪಕ್ಕದ ಜಾಗವನ್ನು ನೋಡಲೇ ಇಲ್ಲ. ಹಾಡು ಕೊನೆಗೆ ಬಂತು, ನಿಧಾನವಾಯಿತು, ಎಲ್ಲರೂ ಉಸಿರು ಹಿಡಿದರು. ದೊಡ್ಡ ಜಾಗಟೆ ಬೀಳುವುದಕ್ಕೂ ನನ್ನ ಪಕ್ಕದಿಂದ "ಐಸಾ!" ಎಂಬ ಕೂಗು ಏಳುವುದಕ್ಕೂ ಸರಿಹೋಯಿತು. ಮಂಟಪವೇ ತಿರುಗಿ ನೋಡಿತು. ಜಾವಾದವರು ಗಟ್ಟಿಯಾಗಿ ನಗುವುದನ್ನು ನಾನು ಕಂಡದ್ದು ಅದೊಂದೇ ಸಲ.

ಹೊಸದುರ್ಗ

ಜಿಲ್ಲೆಯಲ್ಲಿ ಅಂಥ ಶಾಲೆ ಬಂತೇ ಎಂದು ಕೇಳಿದವರಿಗೆ ಬೆಲುಮ್ ಎನ್ನುತ್ತಿದ್ದೇನೆ. ನನ್ನ ವರದಿ ಚಿತ್ರದುರ್ಗದ ಕಚೇರಿಗೆ ಹೋಗಿದೆ.

ನನ್ನ ತರಗತಿಯಲ್ಲಿ ಕರಿಯಮ್ಮ ಎಂಬ ಹುಡುಗಿ ಇದ್ದಾಳೆ. ಹಿರೇಗುಂಟನೂರಿನ ಕುರಿ ಸಾಕುವವರ ಮಗಳು, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಾಳೆ. ಬೀಜಗಣಿತ ಬಂದರೆ ಮುಖ ಒಣಗುತ್ತದೆ. ಬೋರ್ಡಿಗೆ ಕರೆದರೆ ಅಳುತ್ತಾಳೆ. ಜಾವಾದಿಂದ ಬಂದ ವಾರದಿಂದ ನಾನು ಅವಳನ್ನು ಬೋರ್ಡಿಗೆ ಕರೆಯುವುದನ್ನು ಬಿಟ್ಟು, ಅವಳ ಬೆಂಚಿನಲ್ಲೇ ಕೂತು, ಅದೇ ಲೆಕ್ಕವನ್ನು ನನ್ನ ಹಾಳೆಯಲ್ಲಿ ಮಾಡತೊಡಗಿದೆ. ಜಾವಾದವರಿಗಿಂತ ಒಂದು ಕೆಲಸ ಹೆಚ್ಚಿಗೆ ಮಾಡಿದೆ: ಮೊದಲು ಅವಳು ಲೆಕ್ಕವನ್ನು ಹೇಗೆ ಓದಿಕೊಳ್ಳುತ್ತಾಳೆ ಎಂದು ಕೇಳಿದೆ. ಅವಳು ಸಮ ಚಿಹ್ನೆಯನ್ನು ಉತ್ತರ ಬರೆಯುವ ಜಾಗ ಎಂದುಕೊಂಡಿದ್ದಳು. ಅದು ತಕ್ಕಡಿಯ ಮುಳ್ಳು, ಎರಡೂ ಕಡೆ ಒಂದೇ ತೂಕ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮೊನ್ನೆ ಅವಳು ಬರೆಯುತ್ತಿರುವಾಗ ಪೆನ್ನು ಕೆಳಗಿಟ್ಟೆ. ಸ್ವಲ್ಪ ಹೊತ್ತು ನೋಡಿ, ಸದ್ದಾಗದಂತೆ ಎದ್ದು ಕಿಟಕಿಯ ಬಳಿಗೆ ಹೋದೆ. ಆ ಕಡೆ ಹೋಗುತ್ತಿದ್ದ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು.

"ಏನಮ್ಮ, ಪಾಠ ಮಾಡಾದು ಬಿಟ್ಟು ಕಿಟಕೀಲಿ ಏನ್ ನೋಡ್ತಿದ್ದೀರಿ?"

"ಪಾಠ ನಡೀತಾ ಐತೆ ಸಾರ್," ಎಂದೆ. ಕರಿಯಮ್ಮ ತಲೆಯೆತ್ತಲಿಲ್ಲ.